ನೀರು, ಕರೆಂಟು, ಬೆಳೆ, ಬಜೆಟ್: ನಾಲ್ಕಕ್ಕೂ ಒಂದೇ ಲೆಕ್ಕ ಬೇಕು

ಕರ್ನಾಟಕ ಸರ್ಕಾರದ ಯೋಜನೆ, ಇಂಧನ, ಜಲಸಂಪನ್ಮೂಲ, ಕೃಷಿ ಮತ್ತು ಹಣಕಾಸು ಇಲಾಖೆಗಳ ಸಚಿವರು ಹಾಗೂ ಕಾರ್ಯದರ್ಶಿಗಳಿಗೆ ಕೋಲಾರ ಜಿಲ್ಲೆಯ ರೈತನೊಬ್ಬನ ಬಹಿರಂಗ ಪತ್ರ

ಮಾನ್ಯರೇ,

ಒಂದೇ ಪತ್ರವನ್ನು ಐದು ಇಲಾಖೆಗಳ ಹೆಸರಿಗೆ ಬರೆಯುತ್ತಿದ್ದೇನೆ. ಬಿಡಿಬಿಡಿಯಾಗಿ ಬರೆದಿದ್ದರೆ ನೀರಿನ ಮಾತನ್ನು ಒಬ್ಬರು, ಕರೆಂಟಿನ ಮಾತನ್ನು ಇನ್ನೊಬ್ಬರು ‘ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂದು ಷರಾ ಬರೆದು ಪಕ್ಕದ ಮೇಜಿಗೆ ಸರಿಸಬಹುದಿತ್ತು. ನನ್ನ ದೂರು ಇರುವುದೇ ಹೀಗೆ ಸರಿಸುವುದರ ಮೇಲೆ. ನಮ್ಮ ಹೊಲದಲ್ಲಿ ನೀರು, ಕರೆಂಟು, ಬೆಳೆ, ದುಡ್ಡು ನಾಲ್ಕೂ ಒಂದೇ ಸ್ಟಾರ್ಟರ್ ಪೆಟ್ಟಿಗೆಯ ಮುಂದೆ ಕೂಡುತ್ತವೆ. ಸರ್ಕಾರದಲ್ಲಿ ಇವು ನಾಲ್ಕೂ ಕೂಡುವ ಜಾಗ ಯಾವುದು ಎಂದು ಕೇಳಿದರೆ ಯಾರೂ ಉತ್ತರ ಕೊಡುತ್ತಿಲ್ಲ.

ಕೆಲವು ತಿಂಗಳ ಹಿಂದೆ ನಮ್ಮ ತಾಲೂಕಿನಲ್ಲಿ ಅಧಿಕಾರಿಗಳು ಮತ್ತು ರೈತರ ಸಭೆ ಸೇರಿತ್ತು. ಅಂತರ್ಜಲದ ಬಗ್ಗೆ ಮಾತಾಡಿದವರು, ತಾಲೂಕು ಅತಿಬಳಕೆಯ ಪಟ್ಟಿಯಲ್ಲಿದೆ, ಹೊಸ ಬೋರು ಕೊರೆಸಬೇಡಿ ಎಂದರು. ಅವರು ಕೂತ ಮೇಲೆ ಎದ್ದವರು ತರಕಾರಿ ಬೆಳೆಯ ವಿಸ್ತೀರ್ಣ ಹೆಚ್ಚಿಸುವ ಗುರಿ ಓದಿದರು. ಹಾಲಿನ ಉತ್ಪಾದನೆ ಏರಬೇಕು, ಅದಕ್ಕೆ ನೇಪಿಯರ್ ಹುಲ್ಲು ಹಾಕಿ ಎಂದು ಮತ್ತೊಬ್ಬರು. ಕರೆಂಟಿನವರು ಫೀಡರ್ (ಊರಿಗೆ ಕರೆಂಟು ತರುವ ಲೈನು) ಓವರ್‌ಲೋಡ್ ಆಗಿದೆ, ಮೋಟರು ಕಡಿಮೆ ಓಡಿಸಿ ಎಂದರು. ಯಾರ ಮಾತೂ ಸುಳ್ಳಲ್ಲ. ಆದರೆ ಒಬ್ಬರ ಗುರಿ ಮುಟ್ಟಬೇಕಾದರೆ ಇನ್ನೊಬ್ಬರದು ತಪ್ಪಲೇಬೇಕು ಎಂಬುದನ್ನು ಆ ಸಭಾಂಗಣದಲ್ಲಿ ಯಾರೂ ಎತ್ತಲಿಲ್ಲ. ನಾನು ಎತ್ತಿದಾಗ ‘ಅದು ಪಾಲಿಸಿ ವಿಷಯ, ಮೇಲಿನವರನ್ನು ಕೇಳಿ’ ಎಂಬ ಉತ್ತರ ಬಂತು. ಅದಕ್ಕೇ ಮೇಲಿನವರಾದ ತಮ್ಮನ್ನು ಕೇಳುತ್ತಿದ್ದೇನೆ.

ಮೊದಲು ಒಂದು ಸಣ್ಣ ಲೆಕ್ಕ ಒಪ್ಪಿಸುತ್ತೇನೆ. ನಮ್ಮ ಭಾಗದಲ್ಲಿ ನೀರು 1,000 ಅಡಿಯಿಂದ ಮೇಲೆ ಬರಬೇಕು. ಸಾವಿರ ಲೀಟರ್ ನೀರನ್ನು ಅಷ್ಟು ಎತ್ತರಕ್ಕೆ ಎತ್ತಲು ಒಂದಿಷ್ಟೂ ನಷ್ಟವಿಲ್ಲದ ಯಂತ್ರವಿದ್ದರೂ 0.83 ಯೂನಿಟ್ ಬೇಕು. ಸುಟ್ಟು ರೀವೈಂಡ್ ಆದ ನಮ್ಮ ಮೋಟರುಗಳ ದಕ್ಷತೆ ನೂರಕ್ಕೆ 40 ಎಂದಿಟ್ಟುಕೊಂಡರೆ 2 ಯೂನಿಟ್ ದಾಟುತ್ತದೆ. ಡ್ರಿಪ್ ಹಾಕಿದ ಒಂದು ಎಕರೆ ಟೊಮೆಟೊಗೆ ಇಡೀ ಬೆಳೆಗೆ 16 ಲಕ್ಷ ಲೀಟರ್ ಎಂದು ಹಿಡಿಯಿರಿ. 3,300 ಯೂನಿಟ್ ಆಯಿತು. ಯೂನಿಟ್‌ಗೆ 7 ರೂಪಾಯಿಯಂತೆ 23 ಸಾವಿರ. ಎಕರೆಗೆ 20 ಟನ್ ಬಂದರೆ 15 ಕೆಜಿಯ ಒಂದೊಂದು ಬಾಕ್ಸಿನ ಹಿಂದೆ 1,200 ಲೀಟರ್ ನೀರೂ ಎರಡೂವರೆ ಯೂನಿಟ್ ಕರೆಂಟೂ ಇವೆ. 2023ರ ಜುಲೈನಲ್ಲಿ ಕೋಲಾರ ಎಪಿಎಂಸಿಯಲ್ಲಿ ಅದೇ ಬಾಕ್ಸು 2,000 ರೂಪಾಯಿ ದಾಟಿತ್ತು. ಬೆಲೆ ಕುಸಿದ ವರ್ಷಗಳಲ್ಲಿ ಕೊಯ್ಲಿನ ಕೂಲಿಯೂ ಗಿಟ್ಟದೆ ರಸ್ತೆ ಬದಿಗೆ ಸುರಿದು ಹೋದದ್ದನ್ನೂ ತಾವು ಟಿವಿಯಲ್ಲಿ ನೋಡಿದ್ದೀರಿ. ಅಂದು ರಸ್ತೆಗೆ ಬಿದ್ದದ್ದು ಹಣ್ಣು ಮಾತ್ರವಲ್ಲ. ಸರ್ಕಾರದ ಸಬ್ಸಿಡಿಯೂ, ಮತ್ತೆ ತುಂಬಲು ಎಷ್ಟೋ ಮಳೆಗಾಲ ಬೇಕಾದ ಅಂತರ್ಜಲವೂ ಅದರ ಜೊತೆಯಲ್ಲೇ ಬಿದ್ದವು. ಆ ನಷ್ಟ ಯಾವ ಇಲಾಖೆಯ ಪುಸ್ತಕದಲ್ಲಿ ಬರೆದಿದೆ?

ರಾಜ್ಯದಲ್ಲಿ 30 ಲಕ್ಷಕ್ಕೂ ಹೆಚ್ಚು ನೀರಾವರಿ ಪಂಪ್‌ಸೆಟ್‌ಗಳಿವೆ. 2008ರಿಂದ 10 ಎಚ್‌ಪಿವರೆಗೆ ಕರೆಂಟು ಉಚಿತ. ರಾಜ್ಯದ ವಿದ್ಯುತ್ತಿನಲ್ಲಿ ಸುಮಾರು ಮೂರನೇ ಒಂದು ಪಾಲು ಇಲ್ಲಿಗೇ ಹೋಗುತ್ತದೆ, ವರ್ಷದ ಸಬ್ಸಿಡಿ 10 ಸಾವಿರ ಕೋಟಿಗೂ ಮೇಲಿದೆ. ಇಷ್ಟು ದೊಡ್ಡ ಬಾಬತ್ತಿನ ಮಟ್ಟಿಗೆ ನಮ್ಮಲ್ಲಿ ಬಹುಪಾಲು ಮೀಟರಿಲ್ಲ. ಕೆಲವು ಕಡೆ ಅಳೆದು ಉಳಿದದ್ದನ್ನು ಅಂದಾಜು ಮಾಡುತ್ತಾರೆ. ದಾಖಲೆಯಲ್ಲಿ 10 ಎಚ್‌ಪಿ ಎಂದಿರುವ ಬೋರಿನೊಳಗೆ 15 ಎಚ್‌ಪಿ ಮೋಟರು ಇಳಿದಿರುವುದು ಊರಿನಲ್ಲಿ ಎಲ್ಲರಿಗೂ ಗೊತ್ತು. ರೈತ ಕಳ್ಳ ಎಂದು ಇದನ್ನು ಓದಬೇಡಿ. ನೀರು ಕೆಳಗಿಳಿದಷ್ಟೂ ಮೋಟರು ದೊಡ್ಡದಾಗಲೇಬೇಕು.

ಬಜೆಟ್ ಮಂಡನೆಯಾಗುವುದು ಫೆಬ್ರವರಿ, ಮಾರ್ಚ್‌ನಲ್ಲಿ. ಮುಂಗಾರು ಬರುವುದು ಜೂನ್‌ನಲ್ಲಿ. ಎಷ್ಟು ಮಳೆ ಬೀಳುತ್ತದೆ ಎಂದು ತಿಳಿಯುವ ಮೊದಲೇ ಸಬ್ಸಿಡಿಯ ಮೊತ್ತ ನಿಗದಿಯಾಗುತ್ತದೆ. ಮಳೆ ಕೈಕೊಟ್ಟರೆ ಮಳೆಯಾಶ್ರಿತ ಹೊಲದವರೂ ಬೋರಿನ ಕಡೆ ತಿರುಗುತ್ತಾರೆ, ನೀರಿನ ಮಟ್ಟ ಇಳಿಯುತ್ತದೆ, ಅದೇ ಸಾವಿರ ಲೀಟರಿಗೆ ಹೆಚ್ಚು ಯೂನಿಟ್ ಬೇಕಾಗುತ್ತದೆ. ಸಬ್ಸಿಡಿ ಅಂದಾಜು ಮೀರುತ್ತದೆ. ಆ ಹಣ ವಿದ್ಯುತ್ ಹಂಚುವ ಕಂಪನಿಗಳಾದ ಎಸ್ಕಾಂಗಳಿಗೆ ತಡವಾಗಿ ತಲುಪಿದರೆ ಹಳೆಯ ಟಿಸಿ (ಟ್ರಾನ್ಸ್‌ಫಾರ್ಮರ್) ಬದಲಿಸಲು, ಹೊಸ ಲೈನು ಎಳೆಯಲು ಅವರ ಕೈಯಲ್ಲಿ ದುಡ್ಡಿರುವುದಿಲ್ಲ. ವೋಲ್ಟೇಜು ಬೀಳುತ್ತದೆ. ಕೊನೆಗೆ ಆ ಇಡೀ ಲೆಕ್ಕದ ತಪ್ಪು ನನ್ನ ಬೋರಿನಲ್ಲಿ ಸುಟ್ಟ ಕಾಯಿಲ್ ಆಗಿ ಬರುತ್ತದೆ.

ಸುಟ್ಟ ಮೋಟರು ಎತ್ತುವುದನ್ನು ತಾವು ಒಮ್ಮೆ ನಿಂತು ನೋಡಬೇಕು. ಕಪ್ಪಿ ಕಟ್ಟಿದ ಟ್ರ್ಯಾಕ್ಟರು ಹೊಲಕ್ಕೆ ಬರುತ್ತದೆ. 20 ಅಡಿಯ ಕಬ್ಬಿಣದ ಪೈಪು ಮೇಲೆ ಬಂದಂತೆಲ್ಲ ಕ್ಲ್ಯಾಂಪು ಬಿಗಿದು, ಕಳಚಿ, ಬದುವಿನ ಮೇಲೆ ಸಾಲಾಗಿ ಮಲಗಿಸುತ್ತಾರೆ. ಸಾವಿರ ಅಡಿ ಎಂದರೆ 50 ಪೈಪು. ಜೊತೆಗೆ ಕೇಬಲ್ಲನ್ನು ಸಿಕ್ಕಾಗದಂತೆ ಸುತ್ತಿಕೊಳ್ಳಲು ಒಬ್ಬ ಬೇಕು. ಕಡೆಯಲ್ಲಿ ಕೆಸರು ಮೆತ್ತಿದ ಮೋಟರು ಬರುತ್ತದೆ. ಬಿಚ್ಚುವ ಮುಂಚೆಯೇ ಸುಟ್ಟ ವಾಸನೆ ಹೊಡೆಯುತ್ತದೆ. ಎತ್ತುವ ಕೂಲಿ, ರೀವೈಂಡಿಂಗ್, ಮತ್ತೆ ಇಳಿಸುವ ಕೂಲಿ, ಎಲ್ಲ ನಮ್ಮ ಕೈಯಿಂದಲೇ. ಅಷ್ಟರಲ್ಲಿ ಹೂ ಕಟ್ಟಿದ ಗಿಡ ಬಾಡಿರುತ್ತದೆ. ಕರೆಂಟು ಉಚಿತ ಎಂಬ ಮಾತು ಆ ಹೊತ್ತಿನಲ್ಲಿ ರೈತನ ಕಿವಿಗೆ ಹೇಗೆ ಕೇಳಿಸುತ್ತದೆ ಎಂದು ಊಹಿಸಿ.

ಇನ್ನು ಬೆಂಗಳೂರಿಗೂ ನಮಗೂ ಇರುವ ಸಂಬಂಧಕ್ಕೆ ಬರುತ್ತೇನೆ. ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರಕ್ಕೆ ಕಾವೇರಿ ನೀರನ್ನು ಪಂಪು ಮಾಡಿ ರಾಜಧಾನಿಗೆ ತರುತ್ತೇವೆ. ಮೊದಲ ನಾಲ್ಕು ಹಂತಗಳಿಂದ ದಿನಕ್ಕೆ 145 ಕೋಟಿ ಲೀಟರ್. 2024ರ ಅಕ್ಟೋಬರ್‌ನಲ್ಲಿ ಐದನೇ ಹಂತ ಶುರುವಾದ ಮೇಲೆ ಇನ್ನೂ 77.5 ಕೋಟಿ ಲೀಟರ್ ಸೇರಿತು. ಭೌತಶಾಸ್ತ್ರದ ಕನಿಷ್ಠ ಲೆಕ್ಕದಲ್ಲೇ ಇಷ್ಟು ನೀರು ಎತ್ತಲು ದಿನಕ್ಕೆ 30 ಲಕ್ಷ ಯೂನಿಟ್ ಬೇಕು, ನಿಜದ ಖರ್ಚು ಇನ್ನೂ ಹೆಚ್ಚು. ನಗರ ಬಳಸಿ ಬಿಟ್ಟ ನೀರನ್ನು ಕೊಳಚೆ ಶುದ್ಧೀಕರಣ ಘಟಕದಲ್ಲಿ ಎರಡನೇ ಹಂತದವರೆಗೆ ಶುದ್ಧ ಮಾಡುತ್ತಾರೆ, ಅದಕ್ಕೂ ಕರೆಂಟು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಅದನ್ನು ಮತ್ತೆ ಪಂಪು ಮಾಡಿ ನಮ್ಮ ಜಿಲ್ಲೆಯ ಲಕ್ಷ್ಮೀಸಾಗರ ಕೆರೆಗೆ, ಅಲ್ಲಿಂದ ಮುಂದೆ ನೂರಕ್ಕೂ ಹೆಚ್ಚು ಕೆರೆಗಳಿಗೆ ಹರಿಸುವ ಕೆಲಸ ನಡೆದಿದೆ. ಕೆರೆಯಿಂದ ನೇರ ಎತ್ತುವಂತಿಲ್ಲ, ಇಂಗಿ ಕೆಳಗಿಳಿಯಬೇಕು. ಇಂಗಿದ್ದನ್ನು ನಾವು ಬೋರಿನಲ್ಲಿ, ಸಾವಿರ ಲೀಟರಿಗೆ ಎರಡು ಯೂನಿಟ್ ಸುಟ್ಟು, ಮೇಲೆತ್ತಿ ಹುಲ್ಲಿಗೂ ಟೊಮೆಟೊಗೂ ಹಿಪ್ಪುನೇರಳೆಗೂ ಬಿಡುತ್ತೇವೆ. ಹುಲ್ಲು ತಿಂದ ಸೀಮೆಹಸುವಿನ ಹಾಲು, ಟೊಮೆಟೊ ಬಾಕ್ಸು ಎರಡೂ ಬೆಳಗಾಗುವಷ್ಟರಲ್ಲಿ ಬೆಂಗಳೂರಿಗೆ ಹೋಗುತ್ತವೆ.

ಮಂಡ್ಯದ ಬಯಲು, ಬೆಂಗಳೂರಿನ ಅಡುಗೆಮನೆ, ಕೋಲಾರದ ಕೆರೆ ಹೀಗೆ ಒಂದೇ ಸರಪಣಿಯಲ್ಲಿವೆ. ಅದೇ ನೀರಿಗೆ ನಾಲ್ಕು ಸಲ ಕರೆಂಟು ಖರ್ಚಾಗುತ್ತದೆ. ಒಂದು ಹಂತದ ಬಿಲ್ಲು ಜಲಮಂಡಳಿಯದು, ಇನ್ನೊಂದು ಸಣ್ಣ ನೀರಾವರಿಯದು, ಮತ್ತೊಂದು ಉಚಿತ ವಿದ್ಯುತ್ತಿನ ಲೆಕ್ಕದ್ದು. ಎಲ್ಲವನ್ನೂ ಕೂಡಿ, ನಮ್ಮಲ್ಲಿ ಬೆಳೆದ ಒಂದು ಲೀಟರ್ ಹಾಲಿನ ಅಥವಾ ಒಂದು ಕಿಲೋ ರೇಷ್ಮೆಗೂಡಿನ ಹಿಂದೆ ಎಷ್ಟು ನೀರು, ಎಷ್ಟು ಯೂನಿಟ್, ಎಷ್ಟು ಸರ್ಕಾರಿ ದುಡ್ಡು ಇದೆ ಎಂದು ಸಾರ್ವಜನಿಕವಾಗಿ ಹೇಳಿದ ಒಂದು ದಾಖಲೆಯನ್ನಾದರೂ ತಾವು ತೋರಿಸಿದರೆ ಈ ಪತ್ರದ ಅರ್ಧ ಭಾಗ ಹಿಂದಕ್ಕೆ ಪಡೆಯುತ್ತೇನೆ. ಕೆ.ಸಿ. ವ್ಯಾಲಿ ನೀರಿನಿಂದ ಬತ್ತಿದ್ದ ಕೆರೆಗಳು ತುಂಬಿದ್ದನ್ನು ಕಣ್ಣಾರೆ ಕಂಡಿದ್ದೇನೆ, ಅದರ ಗುಣಮಟ್ಟದ ಬಗ್ಗೆ ನಮ್ಮವರಿಗಿರುವ ಆತಂಕವೂ ಗೊತ್ತು. ಇಲ್ಲಿ ಆ ಜಗಳ ತೆಗೆಯುತ್ತಿಲ್ಲ. ಯೋಜನೆ ಒಳ್ಳೆಯದೋ ಕೆಟ್ಟದ್ದೋ ಎಂದು ತೂಗಲು ಬೇಕಾದ ತಕ್ಕಡಿಯೇ ನಮ್ಮಲ್ಲಿಲ್ಲ ಎನ್ನುತ್ತಿದ್ದೇನೆ.

ತಕ್ಕಡಿ ಇಲ್ಲದ ಫಲ 2023ರಲ್ಲಿ ಇಡೀ ರಾಜ್ಯಕ್ಕೆ ಕಂಡಿತು. 236 ತಾಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾಯಿತು. ಜಲಾಶಯಗಳಲ್ಲಿ ನೀರಿಲ್ಲದೆ ಜಲವಿದ್ಯುತ್ ಕುಗ್ಗಿತು. ಸರಿಯಾಗಿ ಅದೇ ಹೊತ್ತಿಗೆ ಬೆಳೆ ಉಳಿಸಿಕೊಳ್ಳಲು ಮೋಟರುಗಳು ಓಡಿ ಬೇಡಿಕೆ ಏರಿತು. ಅಕ್ಟೋಬರ್‌ನಲ್ಲಿ ಪಂಪ್‌ಸೆಟ್‌ಗೆ 7 ಗಂಟೆಯ ತ್ರೀ ಫೇಸ್ ಕರೆಂಟು 5 ಗಂಟೆಗೆ ಇಳಿಯಿತು, ರೈತರು ಬೀದಿಗಿಳಿದರು. ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಬಳಸಿ, ರಾಜ್ಯದ ಖಾಸಗಿ ಉತ್ಪಾದಕರು ಕರೆಂಟನ್ನು ರಾಜ್ಯಕ್ಕೇ ಕೊಡಬೇಕೆಂದು ಆದೇಶಿಸಿತು. ಸಕ್ಕರೆ ಕಾರ್ಖಾನೆಗಳು ಸಕ್ಕರೆಯ ಜೊತೆಗೇ ತಯಾರಿಸುವ ವಿದ್ಯುತ್ತಿಗೂ ಕಣ್ಣಿಟ್ಟು ಕಾಯಬೇಕಾಯಿತು. ಆದರೆ ಆ ವಿದ್ಯುತ್ತು ಬರಬೇಕಾದದ್ದು ಕಬ್ಬಿನ ಸಿಪ್ಪೆಯಿಂದ, ಕಬ್ಬು ಒಣಗುತ್ತಿದ್ದದ್ದು ನೀರಿಲ್ಲದೆ. ಡಿಸೆಂಬರ್‌ನಲ್ಲಿ ಸಕ್ಕರೆ ಕೊರತೆಯ ಭಯದಿಂದ ಕೇಂದ್ರ ಸರ್ಕಾರ ಕಬ್ಬಿನ ಹಾಲಿನಿಂದ ಎಥೆನಾಲ್ ಮಾಡುವುದಕ್ಕೆ ತಡೆ ಹಾಕಿತು. ಅದೇ ವರ್ಷ ಜೂನ್‌ನಲ್ಲಿ ರಾಜ್ಯಗಳಿಗೆ ಅಕ್ಕಿ ಮಾರುವುದನ್ನು ಕೇಂದ್ರ ನಿಲ್ಲಿಸಿದ್ದರಿಂದ ಅನ್ನಭಾಗ್ಯದ ಹೆಚ್ಚುವರಿ 5 ಕಿಲೋ ಅಕ್ಕಿಯ ಬದಲು ತಲೆಗೆ 170 ರೂಪಾಯಿ ಖಾತೆಗೆ ಹಾಕಬೇಕಾಯಿತು. ಕಾವೇರಿ ನೀರು ಬಿಡುವ ಆದೇಶಕ್ಕೆ ಸೆಪ್ಟೆಂಬರ್ 26ರಂದು ಬೆಂಗಳೂರು ಬಂದ್, 29ರಂದು ಕರ್ನಾಟಕ ಬಂದ್. ಮುಂದಿನ ಮಾರ್ಚ್‌ಗೆ ಬೆಂಗಳೂರಿನ ಸುಮಾರು 14,000 ಸರ್ಕಾರಿ ಬೋರುಗಳಲ್ಲಿ 6,900 ಬತ್ತಿವೆ ಎಂದು ಸರ್ಕಾರವೇ ಹೇಳಿತು. ನೀರು, ಕರೆಂಟು, ಅಕ್ಕಿ, ಸಕ್ಕರೆ, ಖಜಾನೆ ಎಲ್ಲ ಒಂದರ ಹಿಂದೊಂದು ಕುಸಿದವು. ತಾವು ಮಾತ್ರ ಪ್ರತಿಯೊಂದಕ್ಕೂ ಬೇರೆ ಬೇರೆ ತುರ್ತು ಸಭೆ ಕರೆದಿರಿ.

ಇಂಥ ಲೆಕ್ಕ ಈ ನೆಲಕ್ಕೆ ಹೊಸದೇನಲ್ಲ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ವಿದ್ಯುತ್ ಒಯ್ದದ್ದು ನಮ್ಮ ಜಿಲ್ಲೆಯ ಚಿನ್ನದ ಗಣಿಗಳಿಗೆ. ಬೇಸಿಗೆಯಲ್ಲಿ ಹೊಳೆ ಸೊರಗಿದಾಗ ಗಣಿಗೆ ಕರೆಂಟು ಸಾಲುತ್ತಿರಲಿಲ್ಲ. ಕನ್ನಂಬಾಡಿ ಕಟ್ಟೆಗೆ ವಿಶ್ವೇಶ್ವರಯ್ಯನವರು ಕೊಟ್ಟ ಕಾರಣಗಳಲ್ಲಿ ಮಂಡ್ಯದ ಗದ್ದೆಯ ಜೊತೆಗೆ ಈ ಗಣಿಯ ಕರೆಂಟೂ ಇತ್ತು. ನೀರು, ವಿದ್ಯುತ್, ಬೆಳೆ, ಆದಾಯ ಎಲ್ಲವನ್ನೂ ಒಟ್ಟಿಗೆ ಇಟ್ಟು ತೂಗಿದ ಆಡಳಿತ ಇದೇ ನಾಡಿನದು.

ಈಗ ಅದಕ್ಕಿಂತ ಸೂಕ್ಷ್ಮವಾಗಿ ತೂಗುವ ವಿಧಾನಗಳಿವೆ. ಗಣಿತ ಮಾದರಿ ಎಂದರೆ ಭವಿಷ್ಯ ಹೇಳುವ ಯಂತ್ರವಲ್ಲ. ಮಳೆ ನೂರಕ್ಕೆ 20 ಕಡಿಮೆಯಾದರೆ ನೀರಿನ ಮಟ್ಟ ಎಷ್ಟು ಇಳಿಯುತ್ತದೆ, ಅದರಿಂದ ಎಷ್ಟು ಯೂನಿಟ್ ಹೆಚ್ಚಾಗುತ್ತದೆ, ಆ ಯೂನಿಟ್ ಎಲ್ಲಿಂದ ಬರಬೇಕು, ಅದರ ಖರ್ಚಿಗೆ ಯಾವ ಬಾಬತ್ತು ಕಡಿತವಾಗುತ್ತದೆ ಎಂದು ಒಂದಕ್ಕೊಂದು ಕೊಂಡಿ ಹಾಕಿ ಕೇಳುವ ಸಾಧನ. ಮಾರಿಷಸ್ ದ್ವೀಪದಲ್ಲಿ ಮಾಡಿದ ಕೆಲಸ ನಮಗೆ ತೀರ ಹತ್ತಿರದ್ದು. ಅಲ್ಲಿಯೂ ಕಬ್ಬು ಮುಖ್ಯ ಬೆಳೆ. ಸಕ್ಕರೆ ಬದಲು ಎಥೆನಾಲ್ ಮಾಡಿದರೆ ಪೆಟ್ರೋಲ್ ಆಮದು ಉಳಿಯುತ್ತದೆ ಎಂಬುದು ಇಂಧನದ ಲೆಕ್ಕವೊಂದನ್ನೇ ನೋಡಿದರೆ ಲಾಭ. ಸ್ವೀಡನ್ನಿನ ಕೆಟಿಎಚ್ ಸಂಸ್ಥೆಯ ತಂಡ ಮತ್ತು ಜೊತೆಗಾರರು ಹವಾಮಾನ, ಭೂಮಿ, ಇಂಧನ, ನೀರು ನಾಲ್ಕನ್ನೂ ಜೋಡಿಸಿದ ಮಾದರಿಯಲ್ಲಿ ಇದನ್ನು ಓಡಿಸಿದರು. ಮಳೆ ಕಡಿಮೆಯಾದರೆ ಕಬ್ಬಿಗೆ ನೀರೆತ್ತಲು ಕರೆಂಟು ಬೇಕು, ಆ ಕರೆಂಟು ಕಲ್ಲಿದ್ದಲಿನಿಂದ ಬಂದರೆ ಲಾಭ ಕರಗಿಹೋಗುತ್ತದೆ ಎಂದು ತಿಳಿಯಿತು. 2013ರಲ್ಲೇ ಇದು ಪ್ರಕಟವಾಗಿದೆ. ಬೆಳಗಾವಿ, ಬಾಗಲಕೋಟೆ, ಮಂಡ್ಯದ ಕಬ್ಬಿಗೆ ಇದೇ ಪ್ರಶ್ನೆ ಕೇಳಿದ ಸರ್ಕಾರಿ ಲೆಕ್ಕ ನಮ್ಮಲ್ಲಿ ಎಲ್ಲಿದೆ?

ಸಾಮಗ್ರಿ ಇಲ್ಲ ಎಂದು ತಾವು ಹೇಳುವಂತಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯತಿ ಮಟ್ಟದಲ್ಲಿ ಮಳೆ ಅಳೆಯುತ್ತದೆ, ಜಲಾಶಯಗಳ ಮಟ್ಟ ದಿನವೂ ಹೇಳುತ್ತದೆ. ಬೆಳೆ ಸಮೀಕ್ಷೆ ಆಪ್‌ನಲ್ಲಿ ಸರ್ವೆ ನಂಬರ್‌ವಾರು ಬೆಳೆ ದಾಖಲಾಗುತ್ತದೆ. ಜಮೀನಿನ ದಾಖಲೆ ‘ಭೂಮಿ’ಯಲ್ಲಿದೆ. ಅಂತರ್ಜಲ ನಿರ್ದೇಶನಾಲಯದ ವೀಕ್ಷಣಾ ಬಾವಿಗಳಿವೆ. ನಿರಂತರ ಜ್ಯೋತಿ ಯೋಜನೆಯಿಂದ ಹಳ್ಳಿಗಳ ಮನೆಯ ಫೀಡರ್, ಪಂಪ್‌ಸೆಟ್ ಫೀಡರ್ ಬೇರೆಯಾಗಿವೆ. ಬೆಂಗಳೂರಿನಲ್ಲೇ ಐಐಎಸ್‌ಸಿ, ಐಸೆಕ್, ಏಟ್ರೀ, ಸಿಸ್ಟೆಪ್‌ನಂಥ ಸಂಶೋಧನಾ ಸಂಸ್ಥೆಗಳಿವೆ. ಓಸ್‌ಮೋಸಿಸ್‌ನಂಥ, ಇಂಧನ ಯೋಜನೆಗೆ ಬಳಸುವ ಗಣಿತ ಮಾದರಿಯ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಇವೆಲ್ಲವನ್ನೂ ಒಂದು ಮೇಜಿಗೆ ಕರೆಯುವ ಆದೇಶವೊಂದೇ ಬಾಕಿ.

ನನ್ನ ಭಯವನ್ನೂ ಮುಚ್ಚಿಡುವುದಿಲ್ಲ. ಲೆಕ್ಕ ಮುಗಿದ ಮಾರನೇ ದಿನ ‘ನೋಡಿ, ರೈತರೇ ನೀರು ಪೋಲು ಮಾಡುವವರು’ ಎಂದು ತೋರಿಸಿ ಉಚಿತ ಕರೆಂಟಿಗೆ ಕೈ ಹಾಕಿದರೆ ಸಣ್ಣ ರೈತ ಮೊದಲು ಸಾಯುತ್ತಾನೆ. ಪಕ್ಕದವನು 1,500 ಅಡಿ ಕೊರೆಸಿದಾಗ ನನ್ನ ನೆರೆಯವರ 700 ಅಡಿಯ ಬೋರು ಬತ್ತಿತು. ಅವರೀಗ ಕೂಲಿಗೆ ಹೋಗುತ್ತಾರೆ. ತಾಲೂಕಿನ ಸರಾಸರಿ ಹೇಳುವ ಮಾದರಿಯಲ್ಲಿ ಅವರು ಕಾಣುವುದೇ ಇಲ್ಲ. ಯಾರ ಬೋರು, ಎಷ್ಟು ಆಳ, ಎಷ್ಟು ಎಕರೆ, ಬೋರೇ ಇಲ್ಲದವರು ಎಷ್ಟು ಮಂದಿ ಎಂಬುದು ಲೆಕ್ಕದೊಳಗೇ ಇರಬೇಕು. ಅಳೆಯುವ ಕೆಲಸ ರೈತನ ಸ್ಟಾರ್ಟರಿನಿಂದಲ್ಲ, ಟಿಸಿಯಿಂದ ಶುರುವಾಗಲಿ. ಪಂಜಾಬಿನಲ್ಲಿ 2018ರಿಂದ ನಿಗದಿತ ಪ್ರಮಾಣಕ್ಕಿಂತ ಕಡಿಮೆ ಬಳಸಿದ ರೈತರಿಗೆ ಉಳಿಸಿದ ಪ್ರತಿ ಯೂನಿಟ್‌ಗೆ 4 ರೂಪಾಯಿ ಕೊಡುವ ಯೋಜನೆ ಮಾಡಿದರು. ಉಚಿತ ಕರೆಂಟು ಉಳಿಸಿಕೊಂಡೇ ನೀರು ಉಳಿಸಲು ದಾರಿಗಳಿವೆ ಎಂಬುದಕ್ಕೆ ಹೇಳಿದೆ.

ನನ್ನ ಬೇಡಿಕೆಗಳು ಇವು. ಮುಂದಿನ ಬಜೆಟ್‌ಗೆ ಮೊದಲು ಯೋಜನಾ ಇಲಾಖೆಯ ಅಡಿಯಲ್ಲಿ ಐದೂ ಇಲಾಖೆಗಳ ಜಂಟಿ ತಂಡ ರಚಿಸಿ, ಮೇಲೆ ಹೇಳಿದಂಥ ಸಂಸ್ಥೆಗಳ ಜೊತೆ ರೈತರ ಮತ್ತು ಭೂಮಿಯಿಲ್ಲದ ಕೂಲಿಗಳ ಪ್ರತಿನಿಧಿಗಳನ್ನೂ ಅದರಲ್ಲಿ ಕೂರಿಸಿ. ಇಡೀ ರಾಜ್ಯಕ್ಕೆ ಒಮ್ಮೆಲೇ ಕೈ ಹಾಕುವುದು ಬೇಡ; ನಮ್ಮ ಜಿಲ್ಲೆಯಿಂದ ಆರಂಭಿಸಿ, ಕಾವೇರಿ, ಬೆಂಗಳೂರು, ಕೋಲಾರದ ಸರಪಣಿಯನ್ನು ಮೊದಲು ಲೆಕ್ಕ ಹಾಕಿ. ಒಳ್ಳೆಯ ಮಳೆ, ಐದನೇ ಒಂದು ಭಾಗ ಕೊರತೆ, ಸತತ ಎರಡು ವರ್ಷದ ಬರ, ಈ ಮೂರೂ ಸಂದರ್ಭಗಳಲ್ಲಿ ನೀರು, ಯೂನಿಟ್, ಬೆಳೆ ಮತ್ತು ಸಬ್ಸಿಡಿ ಎಷ್ಟಾಗುತ್ತದೆ ಎಂಬ ಪಟ್ಟಿ ಬಜೆಟ್ ಪುಸ್ತಕಗಳ ಜೊತೆಯಲ್ಲೇ ಸದನದ ಮುಂದೆ ಬರಲಿ. ಪಂಪ್‌ಸೆಟ್ ಫೀಡರ್‌ಗಳ ಬಳಕೆಯನ್ನು ಪ್ರತಿ ತಿಂಗಳು ಹೋಬಳಿವಾರು ಪ್ರಕಟಿಸಿ. ಮಾದರಿಯ ಒಳಗಿನ ಊಹೆಗಳು ಕನ್ನಡದಲ್ಲಿ ಸಿಗಲಿ. ‘ಸಾವಿರ ಲೀಟರಿಗೆ ಇಷ್ಟು ಯೂನಿಟ್ ಎಂದು ಹಿಡಿದಿದ್ದೀರಿ, ನಮ್ಮಲ್ಲಿ ಹಾಗಿಲ್ಲ’ ಎಂದು ತಿದ್ದಲು ನಮಗೂ ಅವಕಾಶ ಬೇಕು.

ದೊಡ್ಡ ಯೋಜನೆಗಳೂ ಈ ತಕ್ಕಡಿಗೆ ಬರಬೇಕು. ಎತ್ತಿನಹೊಳೆ ನೀರು ಬರಲಿ ಎಂದು ಕಾಯುತ್ತಿರುವವರಲ್ಲಿ ನಾನೂ ಒಬ್ಬ. 8 ಸಾವಿರ ಕೋಟಿ ಚಿಲ್ಲರೆಯಿಂದ ಶುರುವಾದ ಅದರ ಅಂದಾಜು 23 ಸಾವಿರ ಕೋಟಿ ದಾಟಿದೆ. ಪೈಪು, ಪಂಪುಗಳ ಖರ್ಚು ಗೊತ್ತಾಯಿತು. ಸಕಲೇಶಪುರದಿಂದ ಇಲ್ಲಿಯವರೆಗೆ ನೀರೆತ್ತುವ ಕರೆಂಟಿನ ಬಿಲ್ಲು ಪ್ರತಿವರ್ಷ ಯಾರ ತಲೆ ಮೇಲೆ ಬರುತ್ತದೆ, ಬರಗಾಲದಲ್ಲಿ ಆ ಕರೆಂಟು ಎಲ್ಲಿಂದ ಬರುತ್ತದೆ ಎಂದು ಈಗಲೇ ಹೇಳಿ. ಸೌರ ಪಂಪ್‌ಸೆಟ್ ಯೋಜನೆಯೂ ಅಷ್ಟೇ. ಬಿಸಿಲಿನ ಕರೆಂಟು ರಾತ್ರಿ ಹೊಲಕ್ಕೆ ಹೋಗುವ ಕಷ್ಟ ತಪ್ಪಿಸುತ್ತದೆ, ಸಂತೋಷ. ಅತಿಬಳಕೆಯ ತಾಲೂಕಿನಲ್ಲಿ ಅದು ಅಂತರ್ಜಲವನ್ನು ಇನ್ನಷ್ಟು ಬೇಗ ಬರಿದು ಮಾಡುತ್ತದೋ ಇಲ್ಲವೋ ಎಂದು ನೋಡಿ ಹಂಚಿ.

ಈ ಪತ್ರಕ್ಕೆ ಐದೂ ಇಲಾಖೆಗಳು ಸೇರಿ ಒಂದೇ ಲಿಖಿತ ಉತ್ತರ ಕೊಡಬೇಕೆಂದು ಕೋರುತ್ತೇನೆ. ಜಂಟಿ ತಂಡ ಕೋಲಾರಕ್ಕೆ ಬಂದರೆ ನಮ್ಮ ಹೋಬಳಿಯ ರೈತರು ತಮ್ಮ ಬೋರಿನ ಆಳ, ಮೋಟರಿನ ನಿಜವಾದ ಎಚ್‌ಪಿ, ಬೆಳೆಯ ಖರ್ಚು, ಮಂಡಿಯ ಚೀಟಿ ಎಲ್ಲವನ್ನೂ ಮುಂದಿಡಲು ಸಿದ್ಧರಿದ್ದಾರೆ. ಹಾಗೆ ಹೇಳಿದ್ದಕ್ಕೆ ಯಾರ ಮೇಲೂ ಕೇಸು ಹಾಕುವುದಿಲ್ಲ ಎಂಬ ಭರವಸೆಯನ್ನು ತಾವು ಮೊದಲೇ ಬರಹದಲ್ಲಿ ಕೊಡಬೇಕು.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಕೋಲಾರ ಜಿಲ್ಲೆಯ ಒಬ್ಬ ಬೋರ್‌ವೆಲ್ ರೈತ